ಕಾಂಕ್ರೀಟಿಗೆ ಹಳೆಯ ಟೈರಿನ ರಬ್ಬರು: ಯಾವ ರೂಪ, ಎಷ್ಟು ಪ್ರಮಾಣ, ಯಾವ ಕೆಲಸಕ್ಕೆ

ಸವೆದ ಟೈರುಗಳನ್ನು ಏನು ಮಾಡಬೇಕು ಎಂಬುದು ಒಂದು ಪ್ರಶ್ನೆ, ನಾವು ಹಾಕಲಿರುವ ಕಾಂಕ್ರೀಟು ಯಾವ ಕೆಲಸ ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಟೈರಿನ ರಬ್ಬರನ್ನು ಕಾಂಕ್ರೀಟಿಗೆ ಬೆರೆಸುವ ವಿಷಯದಲ್ಲಿ ಇವೆರಡೂ ಕಲಸಿಹೋಗುವುದರಿಂದ, ಹೆಚ್ಚು ರಬ್ಬರು ಹಾಕಿದಷ್ಟೂ ಪರಿಸರಕ್ಕೆ ಒಳ್ಳೆಯದು ಎಂಬ ತೀರ್ಮಾನಕ್ಕೆ ಹಲವರು ಬೇಗನೆ ಬಂದುಬಿಡುತ್ತಾರೆ. ರಬ್ಬರಿನ ಗಾತ್ರ, ಅದನ್ನು ಪುಡಿ ಮಾಡಿದ ವಿಧಾನ, ಬೆರೆಸುವ ಪ್ರಮಾಣ ಮತ್ತು ಬೆರೆಸುವ ಮುನ್ನ ಮಾಡುವ ಸಂಸ್ಕರಣೆ, ಇವಿಷ್ಟನ್ನೂ ಎರಡನೆಯ ಪ್ರಶ್ನೆಯ ಉತ್ತರದಿಂದಲೇ ಆರಿಸಿಕೊಳ್ಳಬೇಕು ಎಂಬುದು ಈ ಬರಹದ ನಿಲುವು.

ಟೈರು ಈ ಚರ್ಚೆಗೆ ಏಕೆ ಬಂತು ಎಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ವಲ್ಕನೀಕರಣದಲ್ಲಿ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿಯುತ್ತವೆ. ಹಾಗೆ ಬಿಗಿದ ಮೇಲೆ ಅದನ್ನು ಪ್ಲಾಸ್ಟಿಕ್ಕಿನಂತೆ ಕರಗಿಸಿ ಹೊಸ ಅಚ್ಚಿಗೆ ಹೊಯ್ಯಲು ಬರುವುದಿಲ್ಲ. ಹೂತುಹಾಕುವ ದಾರಿಯೂ ಮುಚ್ಚುತ್ತಿದೆ. ಐರೋಪ್ಯ ಒಕ್ಕೂಟವು ಇಡೀ ಟೈರುಗಳನ್ನು ಕಸದ ಗುಂಡಿಗೆ ಹಾಕುವುದನ್ನು 2003ರಿಂದಲೂ, ಕತ್ತರಿಸಿದ ಟೈರುಗಳನ್ನು ಹಾಕುವುದನ್ನು 2006ರಿಂದಲೂ ನಿಷೇಧಿಸಿದೆ. ಉಳಿದದ್ದು ಕತ್ತರಿಸಿ, ಅರೆದು, ಇದ್ದ ರೂಪದಲ್ಲೇ ಬಳಸುವ ದಾರಿ ಅಥವಾ ಸುಡುವ ದಾರಿ.

ರಬ್ಬರು ಸೇರಿದಾಗ ಕಾಂಕ್ರೀಟಿನೊಳಗೆ ಆಗುವುದೇನು

ಜಲ್ಲಿ ಮತ್ತು ಮರಳಿನ ಕಣಗಳು ಸಿಮೆಂಟಿನ ಗಾರೆಗಿಂತ ಗಟ್ಟಿಯಾಗಿರುವುದರಿಂದ ಕಾಂಕ್ರೀಟಿನ ಮೇಲೆ ಬಿದ್ದ ಭಾರವನ್ನು ಅವು ಹಂಚಿಕೊಂಡು ಹೊರುತ್ತವೆ. ರಬ್ಬರಿನ ಕಣ ಹಾಗಲ್ಲ. ಕಲ್ಲಿನ ಬಿಗುವಿಗೆ (ಭಾರ ಬಿದ್ದಾಗ ಆಕಾರ ಬದಲಿಸದೆ ನಿಲ್ಲುವ ಗುಣಕ್ಕೆ) ಹೋಲಿಸಿದರೆ ರಬ್ಬರಿನ ಬಿಗುವು ಸಾವಿರಾರು ಪಟ್ಟು ಕಡಿಮೆ. ಭಾರ ಬಿದ್ದಾಗ ಅದು ಹೆಚ್ಚುಕಡಿಮೆ ಒಂದು ಟೊಳ್ಳಿನಂತೆಯೇ ವರ್ತಿಸಿ, ಸುತ್ತಲಿನ ಗಾರೆಯ ಮೇಲೆ ಹೆಚ್ಚಿನ ಒತ್ತಡವನ್ನು ತಳ್ಳುತ್ತದೆ. ಇದರ ಜೊತೆಗೆ ರಬ್ಬರಿನ ಮೈ ನೀರನ್ನು ಒಲ್ಲದು. ಕೆಸುವಿನ ಎಲೆಯ ಮೇಲಿನ ಹನಿಯಂತೆ ನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ, ಒರಟು ಮೈಯ ಸಂದುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಟೈರು ತಯಾರಿಕೆಯಲ್ಲಿ ಉಳಿದ ಜಿಂಕ್ ಸ್ಟಿಯರೇಟಿನ ಪದರವೂ ಸಿಮೆಂಟು ಅಂಟದಂತೆ ತಡೆಯುತ್ತದೆ. ಬಲ ಪರೀಕ್ಷೆಯಲ್ಲಿ ಒಡೆದ ಕಾಂಕ್ರೀಟಿನ ಕ್ಯೂಬನ್ನು ಕೈಯಲ್ಲಿ ಹಿಡಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಕಪ್ಪು ಕಣಗಳು ಮುರಿಯದೆ ತಮ್ಮ ಗೂಡಿನಿಂದ ಇಡಿಯಾಗಿ ಕಳಚಿಕೊಂಡಿರುತ್ತವೆ, ಕೆಲವನ್ನು ಉಗುರಿನಿಂದಲೇ ಎಬ್ಬಿಸಬಹುದು.

ಈ ಕಾರಣಗಳು ಸೇರಿ ಎಷ್ಟು ಬಲ ಕಳೆಯುತ್ತವೆ ಎಂಬುದನ್ನು ಸಂಶೋಧಕರಾದ ಎಲ್ಡಿನ್ ಮತ್ತು ಸೆನೌಸಿ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸ್ಪಷ್ಟವಾಗಿ ತೋರಿಸಿದವು. ಜಲ್ಲಿಯನ್ನು ಪೂರ್ತಿ ತೆಗೆದು ಟೈರಿನ ಚೂರುಗಳನ್ನು ಹಾಕಿದಾಗ ಒತ್ತಡ ತಡೆಯುವ ಬಲದಲ್ಲಿ ಸುಮಾರು 85 ಶೇಕಡಾ ನಷ್ಟವಾಯಿತು. ಮರಳನ್ನು ಪೂರ್ತಿ ತೆಗೆದು ರಬ್ಬರ್ ಪುಡಿ ಹಾಕಿದಾಗ ನಷ್ಟ ಸುಮಾರು 65 ಶೇಕಡಾ. ಎಳೆತ ತಡೆಯುವ ಬಲ ಎರಡರಲ್ಲೂ ಅರ್ಧದಷ್ಟಕ್ಕೆ ಇಳಿಯಿತು. ಒಟ್ಟು ಜಲ್ಲಿ–ಮರಳಿನ ಗಾತ್ರದಲ್ಲಿ ರಬ್ಬರಿನ ಪಾಲು 20 ಶೇಕಡಾ ಮೀರಬಾರದು ಎಂದು ಸಂಶೋಧಕರಾದ ಖಾತಿಬ್ ಮತ್ತು ಬಯೋಮಿ 1999ರಲ್ಲಿ ಸೂಚಿಸಿದರು. ಆದರೆ 20 ಎಂಬುದು ಮೇಲಿನ ಮಿತಿ. ಅದನ್ನು ಗುರಿಯೆಂದು ಓದಿಕೊಳ್ಳುವುದು ತಪ್ಪು.

ಇಷ್ಟು ಕಳೆದುಕೊಂಡು ಪಡೆಯುವುದೇನು ಎಂದರೆ, ಒಡೆಯುವ ರೀತಿಯೇ ಬದಲಾಗುತ್ತದೆ. ಸಾಮಾನ್ಯ ಕಾಂಕ್ರೀಟು ತನ್ನ ಮಿತಿ ಮುಟ್ಟಿದ ಕೂಡಲೇ ಫಟ್ಟನೆ ಸಿಡಿದರೆ, ರಬ್ಬರು ಸೇರಿದ ಕಾಂಕ್ರೀಟು ಬಿರುಕು ಬಿಟ್ಟ ಮೇಲೂ ಹಿಡಿದುಕೊಂಡು ನಿಧಾನವಾಗಿ ಮಣಿಯುತ್ತದೆ. ಹೊಡೆತವನ್ನು ತಾಳುವ ಶಕ್ತಿ ಹೆಚ್ಚುತ್ತದೆ, ಕಂಪನ ಬೇಗ ಅಡಗುತ್ತದೆ, ತೂಕ ತಗ್ಗುತ್ತದೆ, ಶಾಖ ಮತ್ತು ಸದ್ದು ಹಾಯುವುದು ಕಡಿಮೆಯಾಗುತ್ತದೆ. ಹಿಮ ಕಟ್ಟಿ ಕರಗುವ ಚಳಿಪ್ರದೇಶಗಳಲ್ಲಿ, ಸಣ್ಣ ಪ್ರಮಾಣದ ನುಣ್ಣನೆಯ ರಬ್ಬರ್ ಪುಡಿ ಮೇಲ್ಮೈ ಚಕ್ಕೆ ಏಳುವುದನ್ನು ಒಂದು ಮಟ್ಟಿಗೆ ತಡೆಯುತ್ತದೆ ಎಂಬುದಕ್ಕೂ ಪ್ರಯೋಗಗಳ ಆಧಾರವಿದೆ. ಈ ಗುಣಗಳಲ್ಲಿ ಯಾವುದೂ ನಿಮ್ಮ ಕೆಲಸಕ್ಕೆ ಬೇಡವಾದರೆ, ರಬ್ಬರು ಬೆರೆಸಲು ಕಾಂಕ್ರೀಟಿನ ಕಡೆಯಿಂದ ಕಾರಣವೇ ಇಲ್ಲವೆಂದು ತಿಳಿಯಬೇಕು.

ಚೂರು, ಕಾಳು, ಪುಡಿ

ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಚೂರುಗಳು ಜಲ್ಲಿಯ ಜಾಗಕ್ಕೆ ಬರುತ್ತವೆ. ಇವನ್ನು ತಯಾರಿಸಲು ಅರೆಯುವ ಖರ್ಚು ಕಡಿಮೆ, ಆದರೆ ಬಲದ ನಷ್ಟ ಅತಿ ಹೆಚ್ಚು. ಚೂರಿನ ಅಂಚಿನಲ್ಲಿ ತಂತಿಯ ತುದಿಗಳು ಉಳಿದಿದ್ದರೆ ಮೇಲ್ಮೈಯಲ್ಲಿ ತುಕ್ಕಿನ ಕಲೆಗಳೂ ಮೂಡುತ್ತವೆ. ಭಾರ ಹೊರದ, ಕಣ್ಣಿಗೆ ಕಾಣದ ಭರ್ತಿ ಕೆಲಸಕ್ಕೆ ಬಿಟ್ಟರೆ ಇವುಗಳನ್ನು ನಾನು ಶಿಫಾರಸು ಮಾಡಲಾರೆ.

ಸುಮಾರು 0.5 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗಿನ ಕಾಳುಗಳು, ಅಂದರೆ ಕ್ರಂಬ್ ರಬ್ಬರ್ ಎಂದು ಮಾರಾಟವಾಗುವ ಸರಕು, ಮರಳಿನ ಒಂದು ಪಾಲಿನ ಜಾಗಕ್ಕೆ ಬರುತ್ತದೆ. ರಬ್ಬರ್ ಕಾಂಕ್ರೀಟು ಎಂದಾಗ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಅರ್ಥ, ಮತ್ತು ಹೆಚ್ಚಿನ ಕೆಲಸಗಳಿಗೆ ಸರಿಯಾದ ಆಯ್ಕೆಯೂ ಇದೇ. ಒಂದೇ ಗಾತ್ರದ ಕಾಳಿಗಿಂತ, ನೀವು ತೆಗೆಯುತ್ತಿರುವ ಮರಳಿನ ಜರಡಿ ಹಂಚಿಕೆಗೆ (ಯಾವ ಗಾತ್ರದ ಕಣ ಎಷ್ಟಿದೆ ಎಂಬುದಕ್ಕೆ) ಹತ್ತಿರವಾಗುವಂತೆ ಎರಡು ಮೂರು ಗಾತ್ರಗಳನ್ನು ಸೇರಿಸಿಕೊಂಡರೆ ಸಂದುಗಳು ಚೆನ್ನಾಗಿ ತುಂಬಿ, ಗಾರೆ ಕಡಿಮೆ ಸಾಕಾಗುತ್ತದೆ.

ಅದಕ್ಕಿಂತ ನುಣ್ಣನೆಯ ಪುಡಿಯನ್ನು ಮರಳಿನ ಅತಿ ಸಣ್ಣ ಪಾಲಿನ ಬದಲಿಗೆ, ಕೆಲವರು ಸಿಮೆಂಟಿನ ಬದಲಿಗೂ ಬಳಸುತ್ತಾರೆ. ಸಿಮೆಂಟಿನ ಬದಲಿಗೆ ಎಂಬ ಮಾತನ್ನು ಎಚ್ಚರದಿಂದ ಕೇಳಬೇಕು. ಹಾರುಬೂದಿಯಾಗಲಿ ಊದುಕುಲುಮೆಯ ಕಿಟ್ಟವಾಗಲಿ ರಾಸಾಯನಿಕವಾಗಿ ಸಿಮೆಂಟಿನ ಕೆಲಸದಲ್ಲಿ ಪಾಲುಗೊಳ್ಳುತ್ತವೆ. ರಬ್ಬರ್ ಪುಡಿ ಏನನ್ನೂ ಬಂಧಿಸುವುದಿಲ್ಲ. ಅದು ತುಂಬುವ ಸಾಮಗ್ರಿ ಮಾತ್ರ, ಆ ಲೆಕ್ಕದಲ್ಲಿಯೇ ಅದನ್ನು ಇಡಬೇಕು.

ಟೈರಿನಿಂದ ಬರುವ ಇನ್ನೊಂದು ವಸ್ತುವನ್ನು ಈ ಹೋಲಿಕೆಯಲ್ಲಿ ಹಲವರು ಮರೆಯುತ್ತಾರೆ: ಉಕ್ಕಿನ ತಂತಿ. ಲಾರಿಯ ಟೈರುಗಳಲ್ಲಿ ಇದರ ಪಾಲು ಕಾರಿನ ಟೈರುಗಳಲ್ಲಿರುವುದಕ್ಕಿಂತ ಹೆಚ್ಚು. ರಬ್ಬರಿನಿಂದ ಬೇರ್ಪಡಿಸಿ, ಉದ್ದ ಸರಿಪಡಿಸಿ ಶುಚಿಗೊಳಿಸಿದ ಈ ತಂತಿಯ ಎಳೆಗಳು ಕಾಂಕ್ರೀಟಿನ ಬಿರುಕುಗಳನ್ನು ಅಡ್ಡಲಾಗಿ ಹಿಡಿದಿಡುತ್ತವೆ, ಅದೂ ಒತ್ತಡ ತಡೆಯುವ ಬಲವನ್ನು ಹೆಚ್ಚೇನೂ ಕಳೆಯದೆ. ನಿಮಗೆ ಬೇಕಾದದ್ದು ಬಿರುಕಿನ ನಂತರದ ಹಿಡಿತವೊಂದೇ ಆಗಿದ್ದರೆ, ರಬ್ಬರಿಗಿಂತ ಟೈರಿನ ತಂತಿಯೇ ಉತ್ತಮ ಆಯ್ಕೆ. ಎಳೆಗಳು ಮಿಕ್ಸರಿನಲ್ಲಿ ಉಂಡೆಗಟ್ಟುವುದು ಇದರ ತೊಂದರೆ. ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಬೆರೆಸಿದರೆ ಅದು ಹತೋಟಿಗೆ ಬರುತ್ತದೆ. ಹೊಡೆತ ಹೀರುವ ಗುಣವೂ ಬಿರುಕಿನ ಹಿಡಿತವೂ ಒಟ್ಟಿಗೆ ಬೇಕಾದಲ್ಲಿ ಎರಡನ್ನೂ ಸೇರಿಸಿ ಬಳಸಿದ ಪ್ರಯೋಗಗಳಿವೆ.

ಅರೆದ ವಿಧಾನ

ರಬ್ಬರನ್ನು ಸಾಮಾನ್ಯ ಉಷ್ಣತೆಯಲ್ಲಿಯೇ ಹರಿದು ಅರೆಯಬಹುದು, ಇಲ್ಲವೇ ದ್ರವ ಸಾರಜನಕದಿಂದ ಗಾಜಿನಂತೆ ಪೆಡಸಾಗುವಷ್ಟು ತಣಿಸಿ ಒಡೆಯಬಹುದು. ತಣಿಸಿ ಒಡೆದ ಕಣದ ಮೈ ನುಣುಪು, ಅಂಚು ಚೂಪು. ತಂತಿ ಮತ್ತು ನೂಲು ಸ್ವಚ್ಛವಾಗಿ ಬೇರೆಯಾಗುತ್ತವೆ. ಹರಿದು ಅರೆದ ಕಣದ ಮೈ ಒರಟಾಗಿ, ಎಳೆಎಳೆಯಾಗಿ ಇರುತ್ತದೆ. ಕಾಂಕ್ರೀಟಿಗೆ ಈ ಒರಟುತನವೇ ಅನುಕೂಲ, ಏಕೆಂದರೆ ಅಂಟು ಕಡಿಮೆಯಿರುವ ವಸ್ತುವಿಗೆ ಗಾರೆಯ ಕಚ್ಚುಹಿಡಿತವಾದರೂ ದೊರೆಯುತ್ತದೆ. ದುಬಾರಿಯಾದ ತಣಿಸಿದ ಪುಡಿಯೇ ಮೇಲ್ದರ್ಜೆಯದು ಎಂಬ ಮಾರಾಟದ ಮಾತು ಬೇರೆ ಉದ್ಯಮಗಳಿಗೆ ನಿಜವಿರಬಹುದು. ಕಾಂಕ್ರೀಟಿಗೆ ಅದರ ಅಗತ್ಯವಿಲ್ಲ.

ತೂಕದಿಂದಲೋ ಗಾತ್ರದಿಂದಲೋ

ಪ್ರಮಾಣ ನಿಗದಿಪಡಿಸುವಾಗ ಆಗುವ ಅತಿ ದೊಡ್ಡ ಎಡವಟ್ಟು ಇಲ್ಲಿದೆ. ಮರಳಿನ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ತೂಕ ಎಂಬುದು) ಸುಮಾರು 2.65, ಟೈರಿನ ರಬ್ಬರಿನದು ಸುಮಾರು 1.15. ಒಂದು ಘನಮೀಟರ್ ಕಾಂಕ್ರೀಟಿನಲ್ಲಿ 700 ಕಿಲೋ ಮರಳಿದೆ ಎಂದುಕೊಳ್ಳಿ. ಅದರ ನಿಜಗಾತ್ರ ಸುಮಾರು 264 ಲೀಟರ್. ಇದರ 10 ಶೇಕಡಾ ಗಾತ್ರವನ್ನು, ಅಂದರೆ 26.4 ಲೀಟರ್ ಮರಳನ್ನು ತೆಗೆದರೆ ತೂಕದಲ್ಲಿ 70 ಕಿಲೋ ಕಡಿಮೆಯಾಗುತ್ತದೆ. ಆ ಜಾಗವನ್ನು ತುಂಬಲು ಬೇಕಾದ ರಬ್ಬರು ಸುಮಾರು 30 ಕಿಲೋ ಮಾತ್ರ. ತಕ್ಕಡಿಯನ್ನು ನಂಬಿ 70 ಕಿಲೋ ಮರಳಿಗೆ 70 ಕಿಲೋ ರಬ್ಬರು ಎಂದು ಹಾಕಿದವರು 61 ಲೀಟರ್ ರಬ್ಬರು ಸೇರಿಸಿರುತ್ತಾರೆ, ಅಂದರೆ ಮೂಲ ಮರಳಿನ ಗಾತ್ರದ 23 ಶೇಕಡಾ. ಮಿಶ್ರಣದ ಒಟ್ಟು ಗಾತ್ರವೂ ಸುಮಾರು 35 ಲೀಟರ್ ಉಬ್ಬುವುದರಿಂದ ಪ್ರತಿ ಘನಮೀಟರಿಗೆ ಸಿಗುವ ಸಿಮೆಂಟಿನ ಪಾಲೂ ತಗ್ಗುತ್ತದೆ. ಬಲ ಎರಡು ಕಡೆಯಿಂದ ಪೆಟ್ಟು ತಿನ್ನುತ್ತದೆ. ಪ್ರಕಟಿತ ಫಲಿತಾಂಶಗಳನ್ನು ಹೋಲಿಸುವಾಗಲೂ ಶೇಕಡಾ ಎಂಬುದು ಯಾವುದರ ಶೇಕಡಾ ಎಂದು ಮೊದಲು ನೋಡಬೇಕು: ಮರಳಿನದೋ, ಒಟ್ಟು ಜಲ್ಲಿ–ಮರಳಿನದೋ, ತೂಕದ್ದೋ, ಗಾತ್ರದ್ದೋ. ಪರಸ್ಪರ ವಿರುದ್ಧವಾಗಿ ಕಾಣುವ ವರದಿಗಳಲ್ಲಿ ಎಷ್ಟೋ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮರಳಿನ ಗಾತ್ರದ 5ರಿಂದ 10 ಶೇಕಡಾ ಎಂಬುದು ಹೊಸದಾಗಿ ಪ್ರಯತ್ನಿಸುವವರಿಗೆ ಸುರಕ್ಷಿತವಾದ ವಲಯ. ಬಲದ ನಷ್ಟ ಇಲ್ಲಿ ಇದ್ದೇ ಇರುತ್ತದೆ, ಆದರೆ ನೀರು–ಸಿಮೆಂಟಿನ ಅನುಪಾತವನ್ನು ಸ್ವಲ್ಪ ತಗ್ಗಿಸಿ ಸರಿದೂಗಿಸಬಹುದಾದಷ್ಟು. 20 ಶೇಕಡಾ ದಾಟಿದ ಮೇಲೆ ಮಿಶ್ರಣ ಒರಟಾಗಿ ಸ್ಲಂಪ್ (ಹಸಿ ಕಾಂಕ್ರೀಟಿನ ಸಡಿಲತೆಯ ಅಳತೆ) ತಗ್ಗುತ್ತದೆ, ಗಾಳಿಯ ಪಾಲು ಏರುತ್ತದೆ, ಒಣಗುವಾಗಿನ ಕುಗ್ಗುವಿಕೆಯೂ ಹೆಚ್ಚುತ್ತದೆ. ಸ್ಲಂಪ್ ತಗ್ಗಿತೆಂದು ನೀರು ಸುರಿಯುವುದು ಇರುವ ನಷ್ಟಕ್ಕೆ ಇನ್ನೊಂದನ್ನು ಸೇರಿಸಿದಂತೆ, ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಜರ್ ಬಳಸಬೇಕು.

ಹಗುರವಾಗಿರುವುದರಿಂದ ಇನ್ನೊಂದು ತೊಂದರೆಯೂ ಇದೆ. ವೈಬ್ರೇಟರನ್ನು ಹೆಚ್ಚು ಹೊತ್ತು ಹಿಡಿದರೆ ರಬ್ಬರಿನ ಕಾಳುಗಳು ಮೇಲಕ್ಕೆ ತೇಲುತ್ತವೆ. ಪರೀಕ್ಷೆಗೆಂದು ಹೊಯ್ದು ಗಟ್ಟಿಯಾದ ಸಿಲಿಂಡರನ್ನು ಉದ್ದಕ್ಕೆ ಸೀಳಿ ನೋಡಿದಾಗ ತಳದಲ್ಲಿ ಬೂದುಬಣ್ಣವೇ ಹೆಚ್ಚಾಗಿ, ಮೇಲಿನ ಎರಡು ಬೆರಳಗಲದಲ್ಲಿ ಕಪ್ಪು ಚುಕ್ಕೆಗಳು ಕಿಕ್ಕಿರಿದಿದ್ದರೆ ಆಗಿರುವುದು ಇದೇ. ನೆಲಹಾಸಿನಲ್ಲಿ ಇದರ ಫಲವಾಗಿ ಸವೆತಕ್ಕೆ ಒಡ್ಡಿಕೊಳ್ಳುವ ಮೇಲ್ಪದರವೇ ಎಲ್ಲಕ್ಕಿಂತ ದುರ್ಬಲವಾಗುತ್ತದೆ, ಕರಣೆ ಆಡಿಸುವಾಗ ಕಾಳುಗಳು ಎದ್ದು ಗೀರು ಮೂಡಿಸುತ್ತವೆ. ತುಸು ಗಟ್ಟಿಯಾದ ಮಿಶ್ರಣ, ಕಡಿಮೆ ಹೊತ್ತಿನ ಕಂಪನ, ತಡವಾಗಿ ಶುರುಮಾಡುವ ಫಿನಿಶಿಂಗ್, ಇವು ಮೂರೂ ಬೇಕು.

ಸಂಸ್ಕರಣೆ: ತೊಳೆಯಬೇಕೆ, ಲೇಪಿಸಬೇಕೆ

ಅಂಟು ಹೆಚ್ಚಿಸಲು ಸೂಚಿಸಲಾದ ವಿಧಾನಗಳಲ್ಲಿ ಹೆಚ್ಚು ಹೆಸರಾದದ್ದು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ 20–30 ನಿಮಿಷ ನೆನೆಸಿ, ಆಮೇಲೆ ಕ್ಷಾರ ಹೋಗುವವರೆಗೆ ನೀರಿನಲ್ಲಿ ತೊಳೆಯುವುದು. ಮೈಮೇಲಿನ ಜಿಂಕ್ ಸ್ಟಿಯರೇಟನ್ನು ಇದು ತೆಗೆಯುತ್ತದೆ. ಆದರೆ ಇದರಿಂದ ದೊರೆತ ಲಾಭ ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಸರಿಯಾಗಿ ತೊಳೆಯದೆ ಉಳಿದ ಕ್ಷಾರ ಕಾಂಕ್ರೀಟಿಗೆ ಒಳ್ಳೆಯದಲ್ಲ, ತೊಳೆದ ನೀರನ್ನು ಎಲ್ಲೆಂದರಲ್ಲಿ ಬಿಡುವಂತೆಯೂ ಇಲ್ಲ. ಬರಿಯ ನೀರಿನಲ್ಲಿ ಒಂದು ದಿನ ನೆನೆಸಿಡುವುದು ಇದಕ್ಕಿಂತ ಸರಳ: ಧೂಳು ಹೋಗುತ್ತದೆ, ಅಂಟಿಕೊಂಡ ಗಾಳಿ ಬಿಡುತ್ತದೆ. ಕಾಲುದಾರಿ, ಪೇವರ್ ಬ್ಲಾಕ್ ಮುಂತಾದ ಕೆಲಸಗಳಿಗೆ ಇಷ್ಟು ಸಾಕು.

ಬಲವೂ ಮುಖ್ಯವಾದಲ್ಲಿ ಎರಡು ದಾರಿಗಳನ್ನು ನಾನು ಮೇಲೆ ಇಡುತ್ತೇನೆ. ರಬ್ಬರನ್ನು ಮೊದಲು ತೆಳುವಾದ ಸಿಮೆಂಟ್ ತಿಳಿಯಲ್ಲಿ ಹೊರಳಿಸಿ, ಲೇಪನ ಹಿಡಿದ ಮೇಲೆ ಉಳಿದ ಸಾಮಗ್ರಿಗಳಿಗೆ ಸೇರಿಸುವುದು ಒಂದು. ಮಿಶ್ರಣಕ್ಕೆ ಸಿಲಿಕಾ ಫ್ಯೂಮ್ ಎಂಬ ಅತಿ ನುಣ್ಣನೆಯ ಸಿಲಿಕಾ ಪುಡಿ ಸೇರಿಸಿ ಕಣದ ಸುತ್ತಲಿನ ಗಾರೆಯನ್ನೇ ದಟ್ಟಗೊಳಿಸುವುದು ಇನ್ನೊಂದು. ಯಾವ ಸಂಸ್ಕರಣೆಯೂ ರಬ್ಬರಿನ ಮೆದುತನವನ್ನು ಬದಲಿಸುವುದಿಲ್ಲ ಎಂಬುದನ್ನು ಮರೆಯಬಾರದು. ಅಂಟಿನಿಂದಾದ ನಷ್ಟದ ಒಂದು ಭಾಗ ಮರಳಿ ಬರಬಹುದು, ಬಿಗುವಿನಿಂದಾದ ನಷ್ಟ ಹೋದದ್ದೇ.

ಎಲ್ಲಿ ಹಾಕಬಹುದು, ಎಲ್ಲಿ ಬೇಡ

ಕಾಲುದಾರಿ, ಸೈಕಲ್ ದಾರಿ, ಪೇವರ್ ಬ್ಲಾಕ್, ನೆಲದ ಮೇಲೆ ಕೂರುವ ಹಗುರ ಭಾರದ ಸ್ಲ್ಯಾಬು, ವಾಹನ ಡಿಕ್ಕಿ ತಡೆಯುವ ರಸ್ತೆ ಬದಿಯ ಅಡ್ಡಗೋಡೆ, ಯಂತ್ರಗಳ ಅಡಿಯ ಪೀಠ, ಸದ್ದು ತಡೆಯುವ ಫಲಕ, ಕೊಳವೆಗಳ ಸುತ್ತಲಿನ ಭರ್ತಿ, ಇವೆಲ್ಲ ರಬ್ಬರಿನ ಗುಣಗಳನ್ನು ನಿಜವಾಗಿ ಬಳಸಿಕೊಳ್ಳುವ ಅಥವಾ ಅದರ ದೋಷದಿಂದ ಅಷ್ಟಾಗಿ ಬಾಧಿತವಾಗದ ಕೆಲಸಗಳು.

ಕಟ್ಟಡದ ಕಂಬಗಳಿಗೆ, ಪ್ರೀಸ್ಟ್ರೆಸ್ಡ್ (ಎಳೆದು ಬಿಗಿದ ಉಕ್ಕಿನ ತಂತಿಗಳಿರುವ) ತೊಲೆಗಳಿಗೆ, ಉದ್ದ ಚಾಚಿನ ಸ್ಲ್ಯಾಬುಗಳಿಗೆ ಬೇಡ. ಕ್ಯೂಬ್ ಪರೀಕ್ಷೆಯಲ್ಲಿ 30 ಮೆಗಾಪಾಸ್ಕಲ್ ಬಂದಿತೆಂದು ಇಲ್ಲಿ ಸಮಾಧಾನಪಡುವಂತಿಲ್ಲ, ಏಕೆಂದರೆ ಅಷ್ಟೇ ಬಲದ ಸಾಮಾನ್ಯ ಕಾಂಕ್ರೀಟಿಗಿಂತ ಇದರ ಬಿಗುವು ಕಡಿಮೆಯಿದ್ದು, ತೊಲೆ ಹೆಚ್ಚು ಬಾಗುತ್ತದೆ, ಕಂಬ ಹೆಚ್ಚು ಕುಸಿಯುತ್ತದೆ. ಭೂಕಂಪದ ದೃಷ್ಟಿಯಿಂದ ಹೊರಕವಚದೊಳಗೆ ರಬ್ಬರ್ ಕಾಂಕ್ರೀಟು ತುಂಬಿದ ಕಂಬಗಳ ಸಂಶೋಧನೆ ನಡೆದಿದೆ. ಅದು ಪ್ರಯೋಗಾಲಯ ಮತ್ತು ವಿಶೇಷ ವಿನ್ಯಾಸಕಾರರ ಕ್ಷೇತ್ರ. ಬೆಂಕಿಯ ವಿಷಯ ಎರಡು ಬಗೆಯದು. ಅಲ್ಪ ಪ್ರಮಾಣದ ರಬ್ಬರು ಕರಟಿಹೋಗಿ ಆವಿಗೆ ದಾರಿ ಕೊಡುವುದರಿಂದ ಅತಿ ದಟ್ಟ ಕಾಂಕ್ರೀಟು ಸಿಡಿಯುವುದು ಕಡಿಮೆಯಾಗುತ್ತದೆ. ಹೆಚ್ಚು ರಬ್ಬರಾದರೆ ಹೊಗೆಯೂ ಬಲನಷ್ಟವೂ ಹೆಚ್ಚು.

ನೀರಿಗೆ ಸೋರಿಕೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಟೈರು ಒಡೆಯದಂತೆ ಕಾಪಾಡಲು ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನಿನೊಂದಿಗೆ ಸೇರಿ ಉಂಟಾಗುವ ವಸ್ತುವೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳ ಸಾವಿಗೆ ಕಾರಣವೆಂದು 2020ರಲ್ಲಿ ಪತ್ತೆಯಾಯಿತು. ಅದು ರಸ್ತೆಯ ಮೇಲೆ ಸವೆದ ಟೈರಿನ ಧೂಳಿನ ಕಥೆ. ಸಿಮೆಂಟಿನೊಳಗೆ ಹುದುಗಿದ ಕಣದಿಂದ ಅಷ್ಟು ಸುಲಭವಾಗಿ ಏನೂ ಹೊರಬರದು. ಆದರೂ ಮೇಲ್ಮೈ ಸವೆಯುವ, ನೀರು ಸದಾ ಹರಿಯುವ ಜಾಗದಲ್ಲಿ, ಕುಡಿಯುವ ನೀರಿನ ತೊಟ್ಟಿಯಲ್ಲಿ ಇದನ್ನು ಬಳಸದಿರುವುದೇ ವಿವೇಕ.

ಇಂಗಾಲದ ಲೆಕ್ಕ ಮತ್ತು ಬೇರೆ ದಾರಿಗಳು

ರಬ್ಬರು ತೆಗೆದುಹಾಕುವುದು ಮರಳನ್ನು. ಕಾಂಕ್ರೀಟಿನ ಇಂಗಾಲದ ಹೊರೆ ಇರುವುದು ಸಿಮೆಂಟಿನಲ್ಲಿ. ಮೇಲಿನ ಉದಾಹರಣೆಯಲ್ಲಿ ಮರಳಿನ 20 ಶೇಕಡಾ ಗಾತ್ರಕ್ಕೆ ರಬ್ಬರು ಹಾಕಿದರೆ ಘನಮೀಟರಿಗೆ ಸುಮಾರು 60 ಕಿಲೋ ಟೈರು ಬಳಕೆಯಾಗುತ್ತದೆ. ಕಳೆದ ಬಲವನ್ನು ಮರಳಿ ಪಡೆಯಲು 60 ಕಿಲೋ ಸಿಮೆಂಟನ್ನು ಹೆಚ್ಚಿಗೆ ಸುರಿದರೆ, ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕದಲ್ಲಿ ಸುಮಾರು 50 ಕಿಲೋ ಇಂಗಾಲದ ಡೈಆಕ್ಸೈಡ್ ಹೆಚ್ಚುವರಿಯಾಗಿ ಗಾಳಿಗೆ ಸೇರಿದಂತಾಯಿತು. ಕಸ ಕಡಿಮೆಯಾಯಿತು, ಹೊರಸೂಸುವಿಕೆ ಹೆಚ್ಚಾಯಿತು. ಆದ್ದರಿಂದ, ಬಲ ಕಡಿಮೆಯಾದರೂ ನಡೆಯುವ ಕೆಲಸವನ್ನು ಆರಿಸಿಕೊಂಡು ಸಿಮೆಂಟು ಹೆಚ್ಚಿಸದೆ ಬಳಸಿದಾಗ ಮಾತ್ರ ಈ ಆಯ್ಕೆ ಪರಿಸರದ ಹೆಸರಿಗೆ ತಕ್ಕುದಾಗುತ್ತದೆ.

ಟೈರನ್ನು ಖರ್ಚು ಮಾಡುವುದೇ ಮುಖ್ಯ ಉದ್ದೇಶವಾಗಿದ್ದರೆ ಕಾಂಕ್ರೀಟು ಮೊದಲ ಆಯ್ಕೆಯಾಗಬೇಕಿಲ್ಲ. ಡಾಂಬರಿಗೆ ರಬ್ಬರ್ ಪುಡಿ ಬೆರೆಸುವ ಪದ್ಧತಿಯನ್ನು 1960ರ ದಶಕದಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಚಾರ್ಲ್ಸ್ ಮೆಕ್‌ಡೊನಾಲ್ಡ್ ರೂಢಿಗೆ ತಂದರು. ಬಿಸಿ ಡಾಂಬರಿನಲ್ಲಿ ರಬ್ಬರು ಉಬ್ಬಿ ಅದರೊಂದಿಗೆ ಬೆರೆತು, ಕಾಂಕ್ರೀಟಿನಲ್ಲಿ ಎಂದೂ ಸಿಗದ ಹೊಂದಾಣಿಕೆ ಅಲ್ಲಿ ಸಿಗುತ್ತದೆ. ಸಿಮೆಂಟಿನ ಗೂಡುಗಳಲ್ಲಿ ಟೈರು ಉರುವಲಾಗಿ ಕಲ್ಲಿದ್ದಲಿನ ಒಂದು ಪಾಲನ್ನು ಉಳಿಸುತ್ತದೆ, ಅದರ ತಂತಿಯ ಕಬ್ಬಿಣವೂ ಕ್ಲಿಂಕರಿನಲ್ಲಿ, ಅಂದರೆ ಅರೆದು ಸಿಮೆಂಟು ಮಾಡುವ ಸುಟ್ಟ ಗಟ್ಟಿಗಳಲ್ಲಿ, ಸೇರಿಹೋಗುತ್ತದೆ. ಆದರೆ ಸುಟ್ಟ ವಸ್ತುವನ್ನು ಮತ್ತೆ ಬಳಸಲಾಗದು. ರಸ್ತೆಯ ದಿಬ್ಬಗಳಿಗೆ ಹಗುರ ಭರ್ತಿಯಾಗಿ ಟೈರಿನ ಚೂರುಗಳು ಅಪಾರ ಪ್ರಮಾಣದಲ್ಲಿ ಖರ್ಚಾಗುತ್ತವೆ. 1995ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಬಹಳ ದಪ್ಪವಾಗಿ ತುಂಬಿದ ಇಂಥ ದಿಬ್ಬಗಳು ಒಳಗಿನಿಂದಲೇ ಕಾದು ಹೊತ್ತಿಕೊಂಡ ಮೇಲೆ ಪದರದ ದಪ್ಪವನ್ನು 3 ಮೀಟರಿಗೆ ಮಿತಿಗೊಳಿಸುವ ಮಾರ್ಗಸೂಚಿಗಳು ಬಂದವು.

ಖರೀದಿಗೂ ಮುನ್ನ, ಮಿಶ್ರಣಕ್ಕೂ ಮುನ್ನ

ಪುಡಿ ಕೊಡುವವರಿಂದ ಜರಡಿ ಹಂಚಿಕೆ, ತಂತಿ ಮತ್ತು ನೂಲಿನ ಉಳಿಕೆಯ ಪ್ರಮಾಣ, ತೇವಾಂಶ, ಅರೆದ ವಿಧಾನ, ಟೈರು ಕಾರಿನದೋ ಲಾರಿಯದೋ ಎಂಬ ವಿವರಗಳನ್ನು ಬರಹದಲ್ಲಿ ಪಡೆಯಿರಿ. ಒಂದು ಅಯಸ್ಕಾಂತವನ್ನು ಚೀಲದೊಳಗೆ ಆಡಿಸಿದರೆ ತಂತಿಯ ಉಳಿಕೆಯ ಅಂದಾಜು ಅಲ್ಲೇ ಸಿಗುತ್ತದೆ. ಬೂದುಬಣ್ಣದ ನೂಲಿನ ಉಂಡೆಗಳು ಕೈಗೆ ಸಿಕ್ಕರೆ ಆ ಸರಕು ಬೇಡ, ಅವು ಮಿಶ್ರಣದ ನೀರನ್ನು ಹೀರಿ ಸ್ಲಂಪನ್ನು ಏರುಪೇರು ಮಾಡುತ್ತವೆ.

ಪ್ರಯೋಗ ಮಿಶ್ರಣದಲ್ಲಿ ರಬ್ಬರಿಲ್ಲದ ಒಂದು ಮಾದರಿ, 5 ಶೇಕಡಾ ಮತ್ತು 10 ಶೇಕಡಾ ಮಾದರಿಗಳು, ಈ ಮೂರನ್ನೂ ಒಂದೇ ದಿನ, ಒಂದೇ ಸಿಮೆಂಟಿನಿಂದ ಮಾಡಿ. 7 ಮತ್ತು 28 ದಿನದ ಕ್ಯೂಬ್ ಬಲದ ಜೊತೆಗೆ ಹಸಿ ಕಾಂಕ್ರೀಟಿನ ಸಾಂದ್ರತೆ, ಗಾಳಿಯ ಪ್ರಮಾಣ, ಬಾಗುವ ಬಲ ಮತ್ತು ಸವೆತವನ್ನು ಅಳೆಯಿರಿ; ಬಾಗುವಿಕೆ ಮುಖ್ಯವಾಗುವ ಕೆಲಸವಾಗಿದ್ದರೆ ಬಿಗುವನ್ನೂ ಅಳೆಯಲೇಬೇಕು. ಸಾಂದ್ರತೆ ಲೆಕ್ಕಕ್ಕಿಂತ ಬಹಳ ಕಡಿಮೆ ಬಂದರೆ ಗಾಳಿ ಹೆಚ್ಚು ಸಿಕ್ಕಿಕೊಂಡಿದೆ ಎಂದರ್ಥ, ಆಗ ರಬ್ಬರನ್ನು ನೆನೆಸಿ ಮತ್ತೆ ಮಾಡಿ ನೋಡಬೇಕು. ಒಂದು ಸಿಲಿಂಡರನ್ನು ಸೀಳಿ ಕಾಳುಗಳು ಸಮನಾಗಿ ಹರಡಿವೆಯೇ ಎಂದು ಪರೀಕ್ಷಿಸಿದ ಮೇಲೆಯೇ ವೈಬ್ರೇಟರ್ ಹಿಡಿಯುವ ಅವಧಿಯನ್ನು ಕೆಲಸಗಾರರಿಗೆ ನಿಗದಿಪಡಿಸಿ.